ಅಡಿಬರಹ ಮುಚ್ಚಿಡಿ, ಫೋಟೊ ಮುಂದಿಡಿ

ಹಳೆಯ ಫೋಟೊ ಕಂಡೊಡನೆ ಅದರ ಕಥೆ ಹೇಳಿಬಿಡಬೇಕೆಂದು ಹಿರಿಯರಿಗೆ ತವಕ. ‘ಇದು ಕನ್ನಂಬಾಡಿ ಕಟ್ಟೆ ಕಟ್ಟುತ್ತಿದ್ದಾಗಿನದು, 1911ರಲ್ಲಿ ಕೆಲಸ ಶುರುವಾಯಿತು’ ಎಂದು ನಾವೇ ಹೇಳಿ ಮುಗಿಸಿದರೆ ಮಗುವಿಗೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ತಲೆಯಾಡಿಸಿ ಪುಟ ತಿರುವುತ್ತದೆ. ದಾಖಲೆಯ ಛಾಯಾಚಿತ್ರಗಳ ಮೂಲಕ ಮಕ್ಕಳ ಅವಲೋಕನವನ್ನೂ ಚಿತ್ರಕಲೆಯನ್ನೂ ಬೆಳೆಸಬೇಕೆನ್ನುವವರು ಮೊದಲು ಮಾಡಬೇಕಾದದ್ದು ಚಿತ್ರದ ಅಡಿಬರಹಕ್ಕೆ ಒಂದು ಚೀಟಿ ಮುಚ್ಚುವುದು.

ಒಂದು ಸಲಕ್ಕೆ ಒಂದೇ ಚಿತ್ರ ಸಾಕು. ಅದರಲ್ಲಿ ಜನರಿರಬೇಕು, ಅವರ ಕೈಗಳು ಕಾಣಬೇಕು. ಬರೀ ಕಟ್ಟಡದ ಚಿತ್ರ, ಅದು ನಮ್ಮ ಅಂಬಾವಿಲಾಸ ಅರಮನೆಯದೇ ಆಗಿದ್ದರೂ, ಸಣ್ಣ ಮಕ್ಕಳನ್ನು ಬಹಳ ಹೊತ್ತು ಹಿಡಿದಿಡುವುದಿಲ್ಲ. ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಯುನಿಸೆಫ್‌ಗಾಗಿ ತೆಗೆದ ಮಕ್ಕಳ ಚಿತ್ರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಹೊರನಾಡಿನದು ಬೇಕೆಂದರೆ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದ ತಾಯಿ ಮಕ್ಕಳ ಚಿತ್ರವಿದೆ. ಅಮೆರಿಕದ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಿಂದ ಅದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಮೊಬೈಲಿನಲ್ಲಿ ತೋರಿಸುವುದು ಬೇಡ, ಜೆರಾಕ್ಸ್ ಅಂಗಡಿಯಲ್ಲಿ ಎ3 ಅಳತೆಯ ಪ್ರತಿ ತೆಗೆಸಿ.

ಮೊದಲ ಎರಡು ನಿಮಿಷ ಯಾರೂ ಮಾತನಾಡುವಂತಿಲ್ಲ. ಆಮೇಲೆ ‘ಏನು ಕಾಣುತ್ತಿದೆ?’ ಎಂದಷ್ಟೇ ಕೇಳಿ. ಲ್ಯಾಂಗ್ ಅವರ ಚಿತ್ರ ನೋಡಿದ ಮಗು ಸಾಮಾನ್ಯವಾಗಿ ‘ಅಮ್ಮನಿಗೆ ಬೇಜಾರಾಗಿದೆ’ ಎನ್ನುತ್ತದೆ. ಅದು ಕಂಡದ್ದಲ್ಲ, ಊಹಿಸಿದ್ದು. ತಪ್ಪೆನ್ನದೆ, ‘ಯಾವುದನ್ನು ನೋಡಿ ಹಾಗೆ ಹೇಳಿದೆ, ಪುಟ್ಟಾ?’ ಎಂದು ಕೇಳಿದರೆ ಮಗುವಿನ ಕಣ್ಣು ಮತ್ತೆ ಚಿತ್ರಕ್ಕೆ ಮರಳಿ, ಹಣೆಯ ಗೆರೆಗಳನ್ನು, ಗಲ್ಲದ ಬಳಿ ಬಂದ ಕೈಯನ್ನು, ಸವೆದು ಹರಿದ ಅಂಗಿಯ ತೋಳನ್ನು, ಅಮ್ಮನ ಹೆಗಲಿಗೊರಗಿ ನಮಗೆ ಬೆನ್ನು ತಿರುಗಿಸಿರುವ ಇಬ್ಬರು ಮಕ್ಕಳನ್ನು ಒಂದೊಂದಾಗಿ ಹುಡುಕತೊಡಗುತ್ತದೆ. ಮಡಿಲಲ್ಲಿ ಕೂಸೊಂದಿರುವುದು ಎಷ್ಟೋ ಸಲ ಕೊನೆಗೇ ಕಾಣುತ್ತದೆ. ಈ ಹಂತಕ್ಕೆ ಆತುರ ಬೇಡ. ಉಳಿದ ಕೆಲಸವೆಲ್ಲ ಇದರ ಮೇಲೆಯೇ ನಿಲ್ಲುತ್ತದೆ.

ಈಗ ಚಿತ್ರವನ್ನು ಬೋರಲು ಹಾಕಿ, ನೆನಪಿನಿಂದ ಅದರ ಚಿತ್ರ ಬರೆಯಲು ಹೇಳಿ. ಬರೆದದ್ದನ್ನು ಮೂಲದೊಂದಿಗೆ ಹೋಲಿಸುವ ಕೆಲಸ ಮಗುವಿನದೇ, ನಮ್ಮದಲ್ಲ.

ಮುಂದೆ, ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಎರಡಂಗುಲದ ಚೌಕ ಕಿಟಕಿ ಕತ್ತರಿಸಿ ಕೊಡಿ. ಅದನ್ನು ಚಿತ್ರದ ಮೇಲೆ ಸರಿಸುತ್ತಾ ಮಗು ತನಗೆ ಬೇಕಾದ ತುಣುಕನ್ನು ಆರಿಸಿ, ಅದನ್ನೇ ಡ್ರಾಯಿಂಗ್ ಶೀಟಿನ ತುಂಬ ದೊಡ್ಡದಾಗಿ ಇದ್ದಿಲಿನಿಂದ ಬರೆಯಲಿ. ಇಡೀ ಚಿತ್ರವನ್ನು ಬರೆಯಹೊರಟವರು ಬೇಗನೆ ಟ್ರೇಸಿಂಗ್‌ಗೆ ಇಳಿದುಬಿಡುತ್ತಾರೆ.

ಬಣ್ಣ ಹಚ್ಚುವ ಆಸೆಯಾದರೆ ಒಂದು ಸಂಗತಿಯನ್ನು ಮೊದಲೇ ತಿಳಿಸಬೇಕು. ನೂರು ವರ್ಷದ ಹಿಂದೆ ಬಳಕೆಯಲ್ಲಿದ್ದ ಬಹುಪಾಲು ಫೋಟೊ ಪ್ಲೇಟುಗಳು, ಅಂದರೆ ಚಿತ್ರ ಮೂಡುತ್ತಿದ್ದ ಗಾಜಿನ ಹಲಗೆಗಳು, ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪನ್ನು ಬಹುತೇಕ ಗ್ರಹಿಸುತ್ತಲೇ ಇರಲಿಲ್ಲ. ಆದ್ದರಿಂದ ಮುತ್ತಜ್ಜಿಯ ಹಣೆಯ ಕುಂಕುಮ ಕಪ್ಪಾಗಿಯೂ ನೀಲಿ ಆಕಾಶ ಬೆಳ್ಳಗೂ ಕಾಣಬಹುದು. ಇದನ್ನು ತಿಳಿದ ಮಕ್ಕಳು ಮನೆಯ ಆಲ್ಬಮ್ಮಿನ ಕಪ್ಪು ಸೀರೆಯನ್ನು ಕಪ್ಪೆಂದು ನಂಬದೆ ಅಜ್ಜಿಯನ್ನು ಕೇಳಲು ಓಡುತ್ತಾರೆ. (ಆಲ್ಬಮ್ಮಿನ ಮೂಲ ಪ್ರತಿ ಕೈಗೆ ಕೊಡಬೇಡಿ, ಜೆರಾಕ್ಸ್ ಸಾಕು.)

ಅಡಿಬರಹ ತೆರೆಯಬೇಕಾದದ್ದು ಇಷ್ಟಾದ ಮೇಲೆ. ಬಿಡಾರದ ಆ ತಾಯಿಯ ಹೆಸರನ್ನು ಲ್ಯಾಂಗ್ ಕೇಳಿರಲೇ ಇಲ್ಲ. ಆಕೆ ಫ್ಲಾರೆನ್ಸ್ ಓವನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಮುಂದಿನ ಭಾನುವಾರ ಮಕ್ಕಳು ತಮ್ಮದೇ ದಾಖಲೆ ಮಾಡಲು ಹೊರಟಾಗ ಈ ಮಾತು ಉಪಯೋಗಕ್ಕೆ ಬರುತ್ತದೆ. ಮೈಸೂರಿನವರಿಗೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿದೆ, ಮಂಡ್ಯದ ಕಡೆಯವರಿಗೆ ಊರಿನ ಆಲೆಮನೆಯಿದೆ. ಬೆಲ್ಲದ ಕೊಪ್ಪರಿಗೆ ಕುದಿಯುವಾಗ ಮಾತ್ರ ಮಕ್ಕಳು ದೂರ ನಿಲ್ಲಲಿ. ‘ಅಣ್ಣಾ, ನಿಮ್ಮ ಚಿತ್ರ ಬರೆಯಬಹುದಾ? ನಿಮ್ಮ ಹೆಸರೇನು?’ ಎಂದು ಕೇಳಿ, ಒಪ್ಪಿದವರ ಚಿತ್ರವನ್ನಷ್ಟೇ ಬರೆಯಬೇಕು. ಹಾಳೆಯ ಹಿಂಬದಿಯಲ್ಲಿ ಹೆಸರು, ಸ್ಥಳ, ತಾರೀಖನ್ನು ಮೃದುವಾದ ಪೆನ್ಸಿಲಿನಿಂದ ನಮೂದಿಸಲಿ; ಬಾಲ್‌ಪೆನ್ನಿನ ಒತ್ತು ಮುಂಬದಿಗೂ ಮೂಡುತ್ತದೆ.