ತಮ್ಮನ ಬ್ಲೇಜರ್ ಒಳಗೆ ನಮ್ಮ ಅಡಿಕೆ ತೋಟ

ತಮ್ಮನ ಮದುವೆಗೆ ಬ್ಲೇಜರ್ ಹೊಲಿಯುವ ಕೆಲಸ ನನ್ನ ಪಾಲಿಗೇ ಬಂತು. ಹೊರಗೆ ಸಾದಾ ನೇವಿ ಬ್ಲೂ, ಒಳಗಿನ ಲೈನಿಂಗ್‌ಗೆ ಮಾತ್ರ ಮನೆಯದೇ ಫೋಟೋ. ಯಾವ ಫೋಟೋ ಅನ್ನೋದಕ್ಕೇ ಮೊದಲ ಜಗಳ. ಅವನಿಗೆ ಬೆನ್ನ ತುಂಬ ಅಜ್ಜನ ಫೋಟೋ ಬೇಕಿತ್ತು. "ಕೋಟಿನ ಹಿಂಭಾಗ ಕುರ್ಚಿಗೆ ಸಿಕ್ಕಿ ಒತ್ತುತ್ತೆ ಕಣೋ, ಅಜ್ಜನ ಮೇಲೆ ಕೂತ್ಕೊಳ್ತೀಯಾ?" ಅಂದೆ. ಸುಮ್ಮನಾದ. ದೇವರ ಫೋಟೋ ಕೇಳುವವರಿಗೂ ನಾನು ಇದನ್ನೇ ಹೇಳೋದು. ಕೊನೆಗೆ ಬೆನ್ನಿಗೆ ಅಡಿಕೆ ತೋಟ, ಎದೆಯ ಹತ್ತಿರ ಅಜ್ಜನ ಲೆಕ್ಕದ ಪುಸ್ತಕದ ಕೈಬರಹ ಅಂತ ತೀರ್ಮಾನವಾಯ್ತು.

ತೋಟದ ಫೋಟೋ ಅವನು ವಾಟ್ಸಾಪ್‌ನಲ್ಲಿ ಕಳಿಸಿದ. ಹಾಗೆ ಬಂದರೆ ಉದ್ದ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತೆ. ಬೆನ್ನಿನ ಪೀಸ್ 30 ಇಂಚು, ಇಂಚಿಗೆ 150 ಪಿಕ್ಸೆಲ್ ಇದ್ದರೆ ಚೆನ್ನ, 130 ಆದರೂ ನಡೆಯುತ್ತೆ. ಡಾಕ್ಯುಮೆಂಟ್ ಆಗಿ ಕಳಿಸು ಅಂದೆ, 4000 ಪಿಕ್ಸೆಲ್ ಸಿಕ್ಕಿತು. ಲೆಕ್ಕದ ಪುಸ್ತಕವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದೆ.

ನಿಜವಾದ ಕೆಲಸ ಇರೋದು ಪ್ಯಾಟರ್ನ್ (ಬಟ್ಟೆ ಕತ್ತರಿಸೋಕೆ ಅಳತೆಗೆ ಬರೆದ ಪೇಪರ್ ಕಟಿಂಗ್) ಮೇಲೆ ಚಿತ್ರ ಕೂರಿಸೋದರಲ್ಲಿ. ಬಟ್ಟೆ ತುಂಬ ಪ್ರಿಂಟ್ ಹಾಕಿಸಿ ಆಮೇಲೆ ಕತ್ತರಿಸಿದರೆ ಬೇಕಾದ ಭಾಗವೇ ಚೂರಲ್ಲಿ ಹೋಗುತ್ತೆ. ನಾನು ಪೇಪರ್ ಕಟಿಂಗ್ ಅಳತೆಯನ್ನೇ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದು, ಚಿತ್ರ ಕತ್ತರಿ ಗೆರೆಯಿಂದ ಅರ್ಧ ಇಂಚು ಆಚೆಗೂ ಹೋಗುವ ಹಾಗೆ ಇಟ್ಟೆ. ಬೆನ್ನಿನ ನಡುವೆ ಲೈನಿಂಗ್‌ಗೆ ಒಂದು ನೆರಿಗೆ ಬಿಡಬೇಕಲ್ವಾ, ಕೈ ಮುಂದೆ ಚಾಚಿದಾಗ ಹರಿಯದಿರಲಿ ಅಂತ? ಒಂದು ಇಂಚಿನ ನೆರಿಗೆಗೆ ಎರಡು ಇಂಚು ಬಟ್ಟೆ ಒಳಗೆ ಹೋಗುತ್ತೆ. ಹಾಗಾಗಿ ಫೋಟೋವನ್ನು ನಡುವೆ ಸೀಳಿ, ಎರಡು ಇಂಚು ಜಾಗ ಬಿಟ್ಟು, ಅಲ್ಲಿ ಬರೀ ಎಲೆಯ ಹಸಿರು ತುಂಬಿಸಿದೆ. ನೆರಿಗೆ ಮಡಚಿದರೆ ಎರಡು ಕಡೆಯ ಮರಗಳು ಬಂದು ಕೂಡುತ್ತವೆ. ನೆಟ್ಟಗೆ ನಿಂತ ಅಡಿಕೆ ಮರ ಇದಕ್ಕೆ ಹೇಳಿ ಮಾಡಿಸಿದ್ದು, ಕೂಡುವ ಗೆರೆ ಕಾಣೋದೇ ಇಲ್ಲ.

ಮುಂಭಾಗದಲ್ಲಿ ಫೇಸಿಂಗ್ (ಅಂಚಿನ ಒಳಗೆ ಬರುವ ಕೋಟಿನದೇ ಬಟ್ಟೆಯ ಪಟ್ಟಿ) ಹೋಗಿ ಲೈನಿಂಗ್‌ಗೆ ಉಳಿಯೋದು ಕಿರಿದಾದ ಪಟ್ಟಿ, ಅದರಲ್ಲೂ ಒಳಜೇಬಿನ ಬಾಯಿ. ಅಜ್ಜನ ಪುಸ್ತಕದ "ಅಡಿಕೆ ಸುಲಿದ ಕೂಲಿ" ಅನ್ನೋ ಸಾಲನ್ನು ಜೇಬಿನ ಬಾಯಿಗಿಂತ ಒಂದು ಇಂಚು ಮೇಲಿಟ್ಟೆ. ಎಡಭಾಗವನ್ನು ಹಾಗೇ ತಿರುಗಿಸಿ ಬಲಭಾಗ ಮಾಡೋ ಅಭ್ಯಾಸ ಇರುವವರು ಹುಷಾರು, ಅಕ್ಷರ ಉಲ್ಟಾ ಆಗುತ್ತೆ.

ಪ್ರಿಂಟ್‌ಗೆ ಬಿಳಿ ಪಾಲಿಯೆಸ್ಟರ್ ಸ್ಯಾಟಿನ್ ಕೊಟ್ಟೆ. ಪ್ರಿಂಟ್ ಮಾಡೋದು ಸಬ್ಲಿಮೇಶನ್ ವಿಧಾನದಲ್ಲಿ, ಅಂದರೆ ಕಾಗದದ ಮೇಲಿನ ಬಣ್ಣ ಸುಮಾರು 200 ಡಿಗ್ರಿ ಬಿಸಿಗೆ ಆವಿಯಾಗಿ ನೂಲಿಗೆ ಇಳಿಯೋದು. ಹತ್ತಿಗೆ ಹಿಡಿಯಲ್ಲ. ಬಿಳಿ ಶಾಯಿಯೂ ಇರಲ್ಲ, ಆದ್ದರಿಂದ ಬಟ್ಟೆಯೇ ಬಿಳಿ ಇರಬೇಕು. ತೋಟದ ನೆರಳು ಮೊಬೈಲ್‌ನಲ್ಲಿ ಚೆನ್ನಾಗಿ ಕಂಡರೂ ಬಟ್ಟೆ ಮೇಲೆ ಕಪ್ಪು ಮುದ್ದೆ ಆಗುತ್ತೆ. ಮೊದಲು ಒಂದು ಸಣ್ಣ ಪಟ್ಟಿ ಪ್ರಿಂಟ್ ಮಾಡಿಸಿ ನೋಡಿ, ಆಮೇಲೆ ನೆರಳು ತಿಳಿ ಮಾಡಿದೆ. ಫೈಲ್‌ನ ಮೂಲೆಯಲ್ಲಿ 10 ಇಂಚಿನ ಗೆರೆಯನ್ನೂ ಹಾಕಿದ್ದೆ. ಬಟ್ಟೆ ಬಂದ ಕೂಡಲೇ ಟೇಪ್ ಹಿಡಿದರೆ ಕುಗ್ಗಿದೆಯೋ ಇಲ್ಲವೋ ಗೊತ್ತಾಗುತ್ತೆ.

ತೋಳಿಗೆ ಮಾತ್ರ ಬೆವರು ಹೀರುವ ಸಾದಾ ವಿಸ್ಕೋಸ್ ಬಟ್ಟೆ. ಮೇ ತಿಂಗಳ ಮದುವೆ, ಪೂರ್ತಿ ಪಾಲಿಯೆಸ್ಟರ್ ಆದರೆ ಮದುಮಗ ಬೇಯುತ್ತಾನೆ. ಇಸ್ತ್ರಿಗೆ ಕೊಡುವಾಗ ಒಳಗೆ ಪ್ರಿಂಟ್ ಇದೆ ಅಂತ ಹೇಳಿಯೇ ಕೊಡಿ: ಬಿಸಿ ಕಡಿಮೆ, ಮೇಲೊಂದು ತೆಳು ಬಟ್ಟೆ. ಜಾಸ್ತಿ ಬಿಸಿ ತಾಗಿದರೆ ಬಣ್ಣ ಮತ್ತೆ ಎದ್ದು ಪಕ್ಕದ ಬಟ್ಟೆಗೆ ಹತ್ತಬಹುದು.