ಖಾರದ ಚಾಲೆಂಜ್‌ಗೆ ಕೂತ ಆ ರಾತ್ರಿ

ನಮ್ಮೂರು ಬ್ಯಾಡಗಿ ಪಕ್ಕದ ಒಂದು ಹಳ್ಳಿ. ಜನವರಿ ಬಂತೆಂದರೆ ಊರ ಕಣಗಳೆಲ್ಲ ಕೆಂಪಾಗುತ್ತವೆ. ಮೆಣಸಿನಕಾಯಿ ಚೀಲ ಬಿಚ್ಚಿದ ಕಡೆ ಹೊಸಬರು ಬಂದರೆ ಸೀನೋಕೆ ಶುರು ಮಾಡುತ್ತಾರೆ. ನಮಗೆ ಆ ಘಾಟು ಗೊತ್ತೇ ಆಗೋದಿಲ್ಲ. ಅವ್ವ ಓಣಿಯ ಹೆಂಗಸರ ಜೊತೆ ಕೂತು ಇಡೀ ದಿನ ತೊಟ್ಟು ಬಿಡಿಸೋದನ್ನು ನೋಡುತ್ತಲೇ ನಾನು ಬೆಳೆದೆ. ಹಾಗಾಗಿ ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ ಖಾರದ ಮಾತೆತ್ತಿದರೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನನಗೂ ಅದು ಹೆಮ್ಮೆಯೇ ಆಗಿತ್ತು.

ಜನವರಿ ಮೊದಲ ಶನಿವಾರ ಟೀಮಿನವರೆಲ್ಲ ಊಟಕ್ಕೆ ಹೋಗಿದ್ದೆವು. ಆ ಹೋಟೆಲಿನಲ್ಲಿ ಚಿಕನ್ ವಿಂಗ್ಸ್ ಚಾಲೆಂಜ್ ಇತ್ತು. ಆರು ವಿಂಗ್ಸ್, ಹತ್ತು ನಿಮಿಷ. ಮಧ್ಯೆ ನೀರು ಕುಡಿಯುವಂತಿಲ್ಲ, ಬಾಯಿ ಒರೆಸಿಕೊಳ್ಳುವಂತಿಲ್ಲ. ಮುಗಿಸಿದ ಮೇಲೂ ಐದು ನಿಮಿಷ ಏನೂ ಮುಟ್ಟದೆ ಕೂರಬೇಕು. ಗೆದ್ದರೆ ವಿಂಗ್ಸ್‌ಗೆ ದುಡ್ಡಿಲ್ಲ, ಗೋಡೆ ಮೇಲೆ ನಮ್ಮ ಫೋಟೋ. "ನಿಮ್ಮೂರು ಬ್ಯಾಡಗಿ ಅಲ್ವಾ, ನಿಮಗೇನು ಮಹಾ!" ಅಂದರು ಎದುರಿಗೆ ಕೂತವರು. ನಾನು ಕೈ ಎತ್ತಿಬಿಟ್ಟೆ.

ಸಾಸ್‌ನಲ್ಲಿ ಭೂತ್ ಜೊಲೊಕಿಯಾ ಅನ್ನೋ ಮೆಣಸಿನಕಾಯಿ ಇದೆ ಅಂತ ಹೋಟೆಲಿನವರು ಮೊದಲೇ ಹೇಳಿದ್ದರು. ಆಮೇಲೆ ಒಂದು ಫಾರಂ ಕೊಟ್ಟರು. ಹೃದಯದ ತೊಂದರೆ ಇದೆಯಾ, ಅಸ್ತಮಾ ಇದೆಯಾ, ಹೊಟ್ಟೆ ಹುಣ್ಣು ಅಥವಾ ಅಸಿಡಿಟಿ ಇದೆಯಾ? ನನಗೆ ಅಸಿಡಿಟಿ ಇದೆ. ಅವತ್ತೂ ಮಾತ್ರೆ ಬ್ಯಾಗಿನಲ್ಲೇ ಇತ್ತು. ಆದರೂ ಎಲ್ಲದಕ್ಕೂ 'ಇಲ್ಲ' ಅಂತ ಗುರುತು ಹಾಕಿ ಸಹಿ ಮಾಡಿದೆ. ಹೋಟೆಲಿನ ಹುಡುಗ ಎರಡು ಸಲ ಕೇಳಿದ, "ಸರ್, ಗ್ಯಾರಂಟಿನಾ?" ಅಂತ. ಇವತ್ತಿಗೂ ನನಗೆ ಜಾಸ್ತಿ ಬೇಜಾರಾಗೋದು ಆ ಸಹಿ ನೆನೆಸಿಕೊಂಡಾಗಲೇ.

ನನ್ನ ಲೆಕ್ಕ ತಪ್ಪಿದ್ದು ಎಲ್ಲಿ ಅಂತ ಆಮೇಲೆ ಅರ್ಥವಾಯಿತು. ನಮ್ಮ ಬ್ಯಾಡಗಿ ಹೆಸರು ಮಾಡಿರೋದು ಬಣ್ಣಕ್ಕೆ, ಖಾರಕ್ಕಲ್ಲ. ಅದರಿಂದ ತೆಗೆಯುವ ಕೆಂಪು ಸತ್ವ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಅದರಲ್ಲೂ ಡಬ್ಬಿ ಅನ್ನೋ ತಳಿಯ ಕಾಯಿ ಇನ್ನೂ ಸಪ್ಪೆ. ಖಾರ ಅಳೆಯೋಕೆ ಸ್ಕೋವಿಲ್ ಅನ್ನೋ ಮಾಪನ ಇದೆ. ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ 1912ರಲ್ಲಿ ಕಂಡುಹಿಡಿದದ್ದು. ಬ್ಯಾಡಗಿ ಕಾಯಿ ಅದರಲ್ಲಿ ಸುಮಾರು 8,000ದಿಂದ 15,000 ಬರುತ್ತದೆ. ಭೂತ್ ಜೊಲೊಕಿಯಾ 10 ಲಕ್ಷ ದಾಟುತ್ತದೆ. 2007ರಲ್ಲಿ ಗಿನ್ನೆಸ್ ದಾಖಲೆಗೂ ಸೇರಿತ್ತು. ಅಂದರೆ ನಾನು ಹುಟ್ಟಿದಾಗಿನಿಂದ ತಿಂದ ಖಾರಕ್ಕೆ ಹತ್ತಿರತ್ತಿರ ನೂರು ಪಟ್ಟು. ಅದನ್ನು ಬೆಳೆಯೋ ಅಸ್ಸಾಂ, ನಾಗಾಲ್ಯಾಂಡ್ ಕಡೆಯವರೇ ಅಡುಗೆಗೆ ಚೂರೇ ಚೂರು ಹಾಕುತ್ತಾರೆ. ಗುಂಪು ಚದುರಿಸೋ ಗ್ರೆನೇಡ್‌ಗೂ ನಮ್ಮ ದೇಶದ ರಕ್ಷಣಾ ವಿಜ್ಞಾನಿಗಳು ಇದೇ ಕಾಯಿ ಬಳಸಿದ್ದಾರೆ.

ಮೊದಲ ವಿಂಗ್ ಬಾಯಿಗಿಟ್ಟಾಗ ರುಚಿಯಾಗಿಯೇ ಇತ್ತು. ಒಂದಿಷ್ಟು ಸಿಹಿ, ಹೊಗೆಯ ವಾಸನೆ. "ಇಷ್ಟೇನಾ?" ಅಂದೆ. ಎರಡನೆಯದನ್ನೂ ಗಬಗಬ ಮುಗಿಸಿದೆ. ಆ ಕಾಯಿಯ ಗುಣವೇ ಅದು. ಖಾರ ತಕ್ಷಣ ಏರೋದಿಲ್ಲ. ಅರ್ಧ ನಿಮಿಷ ಬಿಟ್ಟು ಗಂಟಲಿನ ಹಿಂಭಾಗದಿಂದ ಎದ್ದು ಬರುತ್ತದೆ. ಮೂರನೆಯದು ಕೈಯಲ್ಲಿರುವಾಗ ಅದು ಬಂತು. ನಾಲಿಗೆ, ವಸಡು, ಕಿವಿಯ ಒಳಗೆಲ್ಲ ಕಾದ ಕಬ್ಬಿಣ ಇಟ್ಟ ಹಾಗೆ. ತಲೆಯಿಂದ ಬೆವರು ಇಳಿದು ಕಣ್ಣಿಗೆ ಬೀಳುತ್ತಿತ್ತು, ಒರೆಸುವಂತಿಲ್ಲ. ಮೂಗು ಸೋರುತ್ತಿತ್ತು. ನಾಲ್ಕನೆಯದಕ್ಕೆ ಬಿಕ್ಕಳಿಕೆ ಹಿಡಿಯಿತು. ಐದು, ಆರು ಹೇಗೆ ತಿಂದೆನೋ ಸರಿಯಾಗಿ ನೆನಪಿಲ್ಲ. ಮೂಳೆ ತಟ್ಟೆಗೆ ಬಿದ್ದ ಸದ್ದು ಮಾತ್ರ ನೆನಪಿದೆ. ಎಂಟು ನಿಮಿಷದೊಳಗೆ ಮುಗಿಸಿದೆ ಅಂತ ಎಲ್ಲರೂ ಚಪ್ಪಾಳೆ ಹೊಡೆದರು.

ಉಳಿದ ಐದು ನಿಮಿಷ ಇತ್ತಲ್ಲ, ಅದೇ ನರಕ. ತುಟಿ ಊದಿಕೊಂಡು ಜೋಮು ಹಿಡಿದಿತ್ತು. ಎದೆ ಡಬಡಬ ಅನ್ನುತ್ತಿತ್ತು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನಿಜವಾಗಿ ಸುಡೋದಿಲ್ಲವಂತೆ. ಬಿಸಿ ತಾಗಿದಾಗ ಎಚ್ಚರಿಸೋ ನರದ ಬಾಗಿಲನ್ನೇ ಅದು ತಟ್ಟುತ್ತದೆ. ಮೈ ಬೆಂಕಿ ಬಿದ್ದಿದೆ ಅಂದುಕೊಂಡು ಬೆವರಿಳಿಸುತ್ತದೆ. ಆ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಇಂಥ ನರಗಳು ಬಾಯಲ್ಲಷ್ಟೇ ಅಲ್ಲ, ಹೊಟ್ಟೆ, ಕರುಳಿನ ಉದ್ದಕ್ಕೂ ಇವೆ. ಅದು ನನಗೆ ರಾತ್ರಿ ತಿಳಿಯಿತು.

ಟೈಮ್ ಮುಗಿದ ಕೂಡಲೇ ನಾನು ಮಾಡಿದ ಮೊದಲ ತಪ್ಪು, ತಣ್ಣೀರು ಗಟಗಟ ಕುಡಿದದ್ದು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗೋದಿಲ್ಲ. ನೀರು ಕುಡಿದರೆ ಅದು ಬಾಯ್ತುಂಬ ಹರಡುತ್ತದೆ ಅಷ್ಟೇ. ಆಮೇಲೆ ಒಬ್ಬರು ಹಾಲು ತಂದುಕೊಟ್ಟರು. ಬಾಯಲ್ಲಿ ಹಿಡಿದಿಟ್ಟುಕೊಂಡೆ, ಆಗ ಸ್ವಲ್ಪ ಇಳಿಯಿತು. ಹಾಲಿನ ಕೇಸೀನ್ ಅನ್ನೋ ಪ್ರೊಟೀನ್ ಅದನ್ನು ಹಿಡಿದು ತೊಳೆಯುತ್ತದೆ.

ಎರಡನೇ ತಪ್ಪು ಕೈಯದು. ಗ್ಲೌಸ್ ಕೊಟ್ಟಿದ್ದರು, ಎರಡನೇ ವಿಂಗ್‌ಗೇ ಕಿತ್ತು ಹಾಕಿದ್ದೆ. ಸೋಪು ಹಚ್ಚಿ ಮೂರು ಸಲ ತೊಳೆದೆ, ಸರಿಯಾಯಿತು ಅಂದುಕೊಂಡೆ. ರೂಮಿಗೆ ಬಂದು ಕಣ್ಣು ಉಜ್ಜಿದೆ. ಉಗುರಿನ ಸಂದಿಯಲ್ಲಿ ಸಾಸ್ ಉಳಿದಿತ್ತು. ಅರ್ಧ ಗಂಟೆ ನಲ್ಲಿ ಕೆಳಗೆ ಕಣ್ಣು ಹಿಡಿದು ನಿಂತಿದ್ದೆ. ಅವ್ವ ಕಣದಿಂದ ಬಂದ ಮೇಲೆ ಕೈಗೆ ಮೊದಲು ಎಣ್ಣೆ ಸವರಿ ಆಮೇಲೆ ಸೋಪು ಹಚ್ಚುತ್ತಿದ್ದದ್ದು ಆಗ ನೆನಪಾಯಿತು. ಖಾರ ಎಣ್ಣೆಯಲ್ಲಿ ಕರಗುತ್ತದೆ. ನಮ್ಮ ಮನೆಯಲ್ಲೇ ಇದ್ದ ಪಾಠ.

ರಾತ್ರಿ ಒಂದು ಗಂಟೆಗೆ ಹೊಟ್ಟೆ ಹಿಂಡೋಕೆ ಶುರುವಾಯಿತು. ಬಾತ್‌ರೂಮಿನ ನೆಲದ ಮೇಲೆ ಮೊಣಕಾಲು ಮಡಿಚಿ ಮಲಗಿದ್ದೆ. ವಾಂತಿ ಬಂದಾಗ ಇಳಿಯುವಾಗಿನ ಉರಿಯೇ ಹತ್ತುವಾಗಲೂ. ಬೆಳಗ್ಗೆ ಅವ್ವನ ಫೋನ್. "ಯಾಕೋ, ಧ್ವನಿ ಹಂಗ್ಯಾಕ ಐತಿ? ಏನ್ ತಿಂದಿ?" ಅಂದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೊದಲ ದವಾಖಾನಿಗೆ ಹೋಗು" ಅಂದಳು, ಬೈಯಲಿಲ್ಲ.

ಡಾಕ್ಟರು ಹೊಟ್ಟೆಯ ಒಳಪದರ ಕೆರಳಿದೆ ಅಂದರು. ಮಾತ್ರೆ ಕೊಟ್ಟು ಒಂದು ವಾರ ಗಂಜಿ, ಮೊಸರನ್ನ ಅಂದರು. ಮೊದಲೇ ಅಸಿಡಿಟಿ ಇತ್ತಾ ಅಂತ ಕೇಳಿದಾಗ ಅವರಿಗೆ ನಿಜ ಹೇಳಿದೆ.

ಮಲಗಿದ್ದಾಗ ಇದರ ಬಗ್ಗೆ ಓದಿದೆ. ಅಮೆರಿಕದಲ್ಲಿ 47 ವರ್ಷದ ಒಬ್ಬರು ಇದೇ ಕಾಯಿಯ ಬರ್ಗರ್ ತಿಂದು, ವಾಂತಿಯ ರಭಸಕ್ಕೆ ಅನ್ನನಾಳವೇ ಹರಿದಿತ್ತು ಅಂತ 2016ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. 2018ರ ಇನ್ನೊಂದು ವರದಿಯಲ್ಲಿ ಕೆರೊಲಿನಾ ರೀಪರ್ ಅನ್ನೋ ಮೆಣಸಿನಕಾಯಿ ತಿಂದ ಒಬ್ಬರಿಗೆ ಮೆದುಳಿನ ರಕ್ತನಾಳಗಳು ಕಿರಿದಾಗಿ ಸಿಡಿಲು ಬಡಿದಂಥ ತಲೆನೋವು ಬಂದಿತ್ತು. ಬಾತ್‌ರೂಮಿನಲ್ಲಿ ನಾನು ಎಷ್ಟು ಸಲ ವಾಂತಿ ಮಾಡಿದೆ ಅಂತ ಎಣಿಸಿಕೊಂಡು ಕೈಕಾಲು ತಣ್ಣಗಾಯಿತು.

ಇಷ್ಟೆಲ್ಲ ಬರೆಯೋಕೆ ಕಾರಣ ನನ್ನ ಚಿಕ್ಕಪ್ಪನ ಮಗ. ನನ್ನ ಚಾಲೆಂಜ್‌ನ ವಿಡಿಯೋ ನೋಡಿ ಫೋನ್ ಮಾಡಿದ. "ಅಣ್ಣಾ, ನಾನೂ ಹೋಗ್ಲಾ?" ಅಂದ. ಚಪ್ಪಾಳೆಯವರೆಗೆ ಮಾತ್ರ ಆ ವಿಡಿಯೋದಲ್ಲಿತ್ತು. ಉಳಿದದ್ದನ್ನು ಅವನಿಗೆ ಒಂದೂ ಬಿಡದೆ ಹೇಳಿದೆ. ಹೋಗೇ ಹೋಗ್ತೀನಿ ಅಂದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡ, ಗ್ಲೌಸ್ ಬಿಚ್ಚಬೇಡ, ಪಕ್ಕದಲ್ಲಿ ಹಾಲಿರಲಿ, ಫಾರಂನಲ್ಲಿ ಸುಳ್ಳು ಬರೆಯಬೇಡ ಅಂದೆ. ಅವನು ಹೋಗಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದೆ. ಹೊಸ ಹಣ್ಣು ಮೆಣಸಿನಕಾಯಿ ಬಂದಿತ್ತು. ಅವ್ವ ಅದರ ಚಟ್ನಿ, ಅಂದರೆ ರಂಜಕ ಕುಟ್ಟಿದ್ದಳು. ವರ್ಷವಿಡೀ ನಾನು ಕಾಯೋದು ಅದಕ್ಕೆ. ಸಜ್ಜೆ ರೊಟ್ಟಿ ಮುರಿದು ಅದರ ತುದಿ ಸೋಕಿಸಿದೆ ಅಷ್ಟೇ, ಹೊಟ್ಟೆಯಲ್ಲಿ ಚುಳುಕ್ ಅಂತು. ಅವ್ವ ಏನೂ ಹೇಳದೆ ಭರಣಿ ಆಚೆ ಸರಿಸಿ ತಟ್ಟೆಗೆ ಗಟ್ಟಿ ಮೊಸರು ಹಾಕಿದಳು. ಹೊರಡುವಾಗ ಒಂದು ಸಣ್ಣ ಬಾಟಲಿಯಲ್ಲಿ ತುಂಬಿಕೊಟ್ಟಳು.

ಆ ಬಾಟಲಿ ಫೆಬ್ರವರಿ ಎರಡನೇ ವಾರದವರೆಗೂ ಫ್ರಿಜ್ಜಿನಲ್ಲೇ ಇತ್ತು. ಒಂದು ರಾತ್ರಿ ಬಿಸಿ ಅನ್ನಕ್ಕೆ ತುಪ್ಪ ಹಾಕಿ, ಕಡಲೆಕಾಳಿನಷ್ಟು ರಂಜಕ ಕಲಸಿಕೊಂಡೆ. ಮೊದಲು ಬೆಳ್ಳುಳ್ಳಿ ಬಂತು. ಆಮೇಲೆ ಮೆಂತ್ಯದ ಒಂದಿಷ್ಟು ಕಹಿ, ನಿಂಬೆ ಹುಳಿ. ಕೊನೆಗೆ ಖಾರ, ಮೆಲ್ಲಗೆ. ಅವ್ವನಿಗೆ ಫೋನ್ ಮಾಡಿದೆ.