ಗ್ಲುಟೆನ್ ಇಲ್ಲದ ಕೇಕಿಗೆ ಜೋಳ ಸರಿ, ಗಿರಣಿ ಎಚ್ಚರ

ಗೋಧಿಯಂಥ ಧಾನ್ಯದಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಕಲಬುರಗಿ ಕಡೆ ಹಿಟ್ಟಿಗೆ ಬರವಿಲ್ಲ. ಬಿಳಿಜೋಳ, ಸಜ್ಜೆ, ಅಕ್ಕಿ, ಕಡಲೆ, ತೊಗರಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಗೋಧಿ, ಜವೆಗೋಧಿ (ಬಾರ್ಲಿ), ರೈ ಎಂಬ ಧಾನ್ಯ ಮಾತ್ರ ಬೇಡ. ಮೈದಾ, ರವಾ ಕೂಡ ಗೋಧಿಯೇ. ಆದರೂ ಜೋಳದ ರೊಟ್ಟಿ ತಿಂದು ಹೊಟ್ಟೆ ಕೆಟ್ಟರೆ ಮೊದಲು ಗಿರಣಿಯನ್ನು ಅನುಮಾನಿಸಿ.

ಗಿರಣಿಯ ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯಲ್ಲಿ ನಿಮಗಿಂತ ಮುಂಚೆ ಬಂದವರ ಗೋಧಿ ಹಿಟ್ಟು ಕೂತಿರುತ್ತದೆ. ನಿಮ್ಮ ಜೋಳ ಸುರಿದಾಗ ಮೊದಲು ಉದುರುವುದು ಅದೇ. ಎಷ್ಟಾದರೆ ಅಪಾಯ? 'ಗ್ಲುಟೆನ್ ಮುಕ್ತ' ಎನ್ನಲು ನಮ್ಮ ದೇಶದ ಮಿತಿ ಕಿಲೋಗೆ 20 ಮಿಲಿಗ್ರಾಂ. ಗೋಧಿ ಹಿಟ್ಟಿನ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್. ಅಂದರೆ ಕಿಲೋ ಜೋಳದ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಸೇರಿದರೆ ಸಾಕು, ಮಿತಿ ದಾಟಿತು. ಮೊದಲು ಒಂದೆರಡು ಕಿಲೋ ಅಕ್ಕಿ ಬೀಸಿಸಿದರೆ ಗೋಧಿ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಮನೆಯಲ್ಲೇ ಬೀಸಿಕೊಳ್ಳಿ. ಜೋಳವನ್ನು ತಾಟಿನಲ್ಲಿ ತೆಳ್ಳಗೆ ಹರಡಿ ಗೋಧಿ ಕಾಳು ಆರಿಸಿ, ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಗೋಧಿ ಮುಟ್ಟದ ಮಿಕ್ಸಿ ಜಾರಿನಲ್ಲಿ ಒಮ್ಮೆಗೆ 200 ಗ್ರಾಂ ಹಾಕಿ, ಬಿಸಿಯಾಗದಂತೆ ಬಿಟ್ಟುಬಿಟ್ಟು ತಿರುಗಿಸಿ. ಜರಡಿಯೂ ಬೇರೆಯೇ ಇರಲಿ. ಅದರ ಬಲೆಯಲ್ಲಿ ಸಿಕ್ಕ ಹಿಟ್ಟು ತೊಳೆದರೂ ಹೋಗದು. ಕಡಲೆ ಹಿಟ್ಟಿಗೂ ಬೇಳೆ ತಂದು ಬೀಸುವುದೇ ಮೇಲು.

ಬೇಕಿಂಗ್ ಪೌಡರ್, ಐಸಿಂಗ್ ಶುಗರ್‌ನಲ್ಲಿ ಯಾವ ಪಿಷ್ಟ ಇದೆ ಎಂದು ಪೊಟ್ಟಣದ ಮೇಲೆ ಓದಿ: ಮೆಕ್ಕೆಜೋಳದ್ದಾದರೆ ಸರಿ. ಓಟ್ಸ್ ಗ್ಲುಟೆನ್ ಮುಕ್ತ ಎಂದು ಬರೆದದ್ದೇ ಬೇಕು. ಮಾಲ್ಟ್ ಅಂದರೆ ಸಾಮಾನ್ಯವಾಗಿ ಜವೆಗೋಧಿ. ಖಾರಾ ಬಿಸ್ಕತ್ತಿಗೆ ಇಂಗು ಹಾಕುವವರು ಜೋಪಾನ, ಪುಡಿ ಇಂಗಿಗೆ ಹೆಚ್ಚಾಗಿ ಮೈದಾ ಬೆರೆತಿರುತ್ತದೆ. ಬಿಡಿ ಮಾರುವ ಹಿಟ್ಟು ಬೇಡವೇ ಬೇಡ, ಅಂಗಡಿಯಲ್ಲಿ ಒಂದೇ ಸೌಟು ಎಲ್ಲ ಡಬ್ಬಿಗೂ ಓಡಾಡುತ್ತದೆ.

ಜೋಳಕ್ಕೆ ಜಿಗುಟಿಲ್ಲ, ಕೇಕು ಪುಡಿಪುಡಿಯಾಗುತ್ತದೆ. ಒಂದು ದೊಡ್ಡ ಚಮಚ ಇಸಬಗೋಲ್ ಹೊಟ್ಟನ್ನು 100 ಮಿಲಿ ನೀರಲ್ಲಿ ಐದು ನಿಮಿಷ ನೆನೆಸಿದರೆ ಲೋಳೆಯಾಗುತ್ತದೆ, ಅದೇ ಅಂಟು. ಇದಕ್ಕೆ 150 ಗ್ರಾಂ ಜೋಳದ ಹಿಟ್ಟು, 50 ಗ್ರಾಂ ಅಕ್ಕಿ ಹಿಟ್ಟು, 200 ಗ್ರಾಂ ಮೊಸರು, 130 ಗ್ರಾಂ ಸಕ್ಕರೆ, 80 ಮಿಲಿ ಎಣ್ಣೆ ಕಲಸಿ 20 ನಿಮಿಷ ಬಿಡಿ. ಹಿಟ್ಟು ನೆನೆಯದಿದ್ದರೆ ಬಾಯಲ್ಲಿ ಮರಳು ಸಿಕ್ಕಂತಾಗುತ್ತದೆ. ಒಂದೂವರೆ ಚಿಕ್ಕ ಚಮಚ ಬೇಕಿಂಗ್ ಪೌಡರ್, ಅರ್ಧ ಚಿಕ್ಕ ಚಮಚ ಅಡುಗೆ ಸೋಡಾ ಕೊನೆಗೆ ಸೇರಿಸಿ. ಮೊದಲೇ ಹಾಕಿದರೆ ಗಾಳಿ ಹೋಗಿ ಕೇಕು ಉಬ್ಬದು. ಪಾತ್ರೆಗೆ ಎಣ್ಣೆ ಸವರಿ ಜೋಳದ ಹಿಟ್ಟನ್ನೇ ಉದುರಿಸಿ, ಇಲ್ಲಿ ರೂಢಿಯಂತೆ ಮೈದಾ ಹಾಕಿದರೆ ಅಷ್ಟೂ ಶ್ರಮ ವ್ಯರ್ಥ. 170 ಡಿಗ್ರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ, ಬಿಸಿಯಲ್ಲಿ ಚಾಕು ಇಟ್ಟರೆ ಒಡೆಯುತ್ತದೆ.